ಮಕ್ಕಳ ತೀವ್ರ ನಡವಳಿಕೆ ಸಮಸ್ಯೆಗಳು ಮತ್ತು ಆಪ್ತಸಮಾಲೋಚನೆ

ಹೊಡೆಯುವುದು, ಕಚ್ಚುವುದು, ಕೈಗೆ ಸಿಕ್ಕಿದ್ದನ್ನು ಒಡೆಯುವುದು, ಸುಳ್ಳು, ಕಳವು, ಶಾಲೆಗೆ ಚಕ್ಕರ್, ರಾತ್ರಿ ಮನೆಗೆ ಬಾರದಿರುವುದು, ಪ್ರಾಣಿಗಳನ್ನು ಹಿಂಸಿಸುವುದು, ದೊಡ್ಡವರ ಯಾವ ಮಾತಿಗೂ ಬಗ್ಗದೆ ಎದುರು ನಿಲ್ಲುವುದು: ಇಂಥ ನಡತೆ ತಿಂಗಳುಗಟ್ಟಲೆ ಮುಂದುವರಿದು ಮಗುವಿನ ಓದು, ಗೆಳೆತನ, ಮನೆಯ ನೆಮ್ಮದಿಗಳನ್ನು ಕೆಡಿಸಿದಾಗ ಅದನ್ನು ತೀವ್ರ ನಡವಳಿಕೆ ಸಮಸ್ಯೆ ಎನ್ನಲಾಗುತ್ತದೆ. ಎರಡು ವರ್ಷದ ಕೂಸು ನೆಲಕ್ಕೆ ಬಿದ್ದು ಹೊರಳಾಡಿ ಅತ್ತರೆ, ಹದಿನಾಲ್ಕರ ಹುಡುಗ ಒಮ್ಮೆ ಸುಳ್ಳು ಹೇಳಿ ಸಿನಿಮಾಕ್ಕೆ ಹೋದರೆ ಅದು ಬೆಳವಣಿಗೆಯ ಭಾಗ. ನಡತೆ ವಯಸ್ಸಿಗೆ ಹೊಂದದಿದ್ದರೆ, ಪದೇ ಪದೇ ಮರುಕಳಿಸಿದರೆ, ಮನೆಯಲ್ಲೂ ಶಾಲೆಯಲ್ಲೂ ಕಂಡುಬಂದರೆ, ಮಗುವಿಗೋ ಇತರರಿಗೋ ಅಪಾಯ ತರುವಂತಿದ್ದರೆ ತಜ್ಞರ ನೆರವು ಬೇಕು.

ಆ ನೆರವಿನ ಮುಖ್ಯ ರೂಪ ಆಪ್ತಸಮಾಲೋಚನೆ. ಕೌನ್ಸೆಲಿಂಗ್ ಎಂಬುದಕ್ಕೆ ಕನ್ನಡದಲ್ಲಿ ಈ ಪದ ನೆಲೆಗೊಂಡಿದೆಯಾದರೂ ಜನರ ಮನಸ್ಸಿನಲ್ಲಿ ಅದರ ಚಿತ್ರ ಬಹುಮಟ್ಟಿಗೆ ಮಗುವನ್ನು ಎದುರು ಕೂರಿಸಿಕೊಂಡು ಬುದ್ಧಿ ಹೇಳುವುದೇ ಆಗಿದೆ. ತೀವ್ರ ಸಮಸ್ಯೆಯ ಮಗು ಸಮಾಲೋಚಕರ ಕೋಣೆಗೆ ಬರುವ ಹೊತ್ತಿಗೆ ನೂರಾರು ಸಲ ಬುದ್ಧಿಮಾತು ಕೇಳಿರುತ್ತದೆ. ಇನ್ನೊಬ್ಬರು ಇನ್ನೊಮ್ಮೆ ಹೇಳುವುದರಿಂದ ಆಗುವುದೇನೂ ಇಲ್ಲ. ಈ ಕ್ಷೇತ್ರದಲ್ಲಿ ಪರೀಕ್ಷೆಗೆ ನಿಂತು ಫಲ ತೋರಿದ ಕ್ರಮಗಳಲ್ಲಿ ಹೆಚ್ಚಿನವು ಮೊದಲು ಬದಲಿಸುವುದು ಮಗುವಿನ ಸುತ್ತಲಿನ ದೊಡ್ಡವರ ವರ್ತನೆಯನ್ನು. ಈ ಒಂದು ಮಾತು ಸ್ಪಷ್ಟವಾಗದೆ ಉಳಿದದ್ದು ಯಾವುದೂ ಅರ್ಥವಾಗುವುದಿಲ್ಲ.

ಗುರುತು ಮತ್ತು ವ್ಯಾಪ್ತಿ

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿ (ಐಸಿಡಿ-11), 2022ರಿಂದ ಜಾರಿಯಲ್ಲಿರುವುದು, ಈ ಸಮಸ್ಯೆಗಳನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ. ಮೊದಲನೆಯದು ಪ್ರತಿಭಟನಾತ್ಮಕ ನಡವಳಿಕೆಯ ತೊಂದರೆ. ಇದರಲ್ಲಿ ಸಿಡುಕು, ವಾದ, ಬೇಕೆಂದೇ ಕೆಣಕುವುದು, ತಪ್ಪನ್ನು ಸದಾ ಇತರರ ಮೇಲೆ ಹೊರಿಸುವುದು ಮುಖ್ಯ. ಎರಡನೆಯದು ದುರ್ನಡತೆಯ ತೊಂದರೆ. ಇಲ್ಲಿ ಇತರರ ಹಕ್ಕನ್ನು ತುಳಿಯುವ ನಡತೆ ಕಾಣುತ್ತದೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ದುರ್ನಡತೆಯ 15 ಲಕ್ಷಣಗಳನ್ನು ನಾಲ್ಕು ಗುಂಪಾಗಿ ಕೊಡುತ್ತದೆ: ಜನ ಮತ್ತು ಪ್ರಾಣಿಗಳ ಮೇಲಿನ ಹಲ್ಲೆ, ಆಸ್ತಿ ಹಾಳುಮಾಡುವುದು, ವಂಚನೆ ಮತ್ತು ಕಳವು, ನಿಯಮಗಳ ಗಂಭೀರ ಉಲ್ಲಂಘನೆ. ಹನ್ನೆರಡು ತಿಂಗಳಲ್ಲಿ ಇವುಗಳಲ್ಲಿ ಕನಿಷ್ಠ ಮೂರು ಕಂಡಿದ್ದರೆ ಮಾತ್ರ ಆ ಹೆಸರು ಸಲ್ಲುತ್ತದೆ. ಹಣೆಪಟ್ಟಿ ಹಚ್ಚಲು ಅವಸರ ಬೇಡವೆಂಬುದೇ ಈ ಎಣಿಕೆಯ ಉದ್ದೇಶ.

ಸಮಸ್ಯೆ ಯಾವ ವಯಸ್ಸಿಗೆ ಶುರುವಾಯಿತು ಎಂಬುದು ಬಹಳ ಮುಖ್ಯ. ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನವನ್ನು ಆಧರಿಸಿ ಟೆರಿ ಮೊಫಿಟ್ 1993ರಲ್ಲಿ ಎರಡು ದಾರಿಗಳನ್ನು ಬೇರ್ಪಡಿಸಿದರು. ಕೆಲವರ ಪುಂಡಾಟ ಹರೆಯಕ್ಕೆ ಕಾಲಿಟ್ಟಾಗ ಶುರುವಾಗಿ ಹರೆಯದೊಡನೆ ಮುಗಿಯುತ್ತದೆ. ಇನ್ನು ಕೆಲವರಲ್ಲಿ ಅದು ಎಳವೆಯಲ್ಲೇ ಮೊಳೆತು ದೊಡ್ಡವರಾದ ಮೇಲೂ ಬಿಡುವುದಿಲ್ಲ. ಎರಡನೆಯ ಗುಂಪು ಚಿಕ್ಕದು. ಆದರೆ ಮುಂದಿನ ಅಪರಾಧ, ವ್ಯಸನ, ಕೆಲಸವಿಲ್ಲದ ಬದುಕು ಬಹುಪಾಲು ಅಲ್ಲೇ ಕೂಡಿಕೊಳ್ಳುತ್ತದೆ. ಹತ್ತು ವರ್ಷಕ್ಕೆ ಮುಂಚೆ ಶುರುವಾದ ಸಮಸ್ಯೆಗೆ 'ದೊಡ್ಡವನಾದರೆ ಸರಿಹೋಗುತ್ತಾನೆ' ಎಂಬ ಸಮಾಧಾನ ಸಲ್ಲದೆಂದು ಹೇಳಲು ಇದೇ ಕಾರಣ.

ಇಂಥ ತೊಂದರೆಗಳು ಎಷ್ಟು ಮಕ್ಕಳಲ್ಲಿವೆ ಎಂಬ ಎಣಿಕೆಗೆ ಭಾರತದಲ್ಲಿ ಬೆಂಗಳೂರು ಒಂದು ಮುಖ್ಯ ನೆಲೆ. ಇಲ್ಲಿನ ನಗರ, ಕೊಳೆಗೇರಿ ಮತ್ತು ಹಳ್ಳಿಗಳ 2,064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟವಾದ ಅಧ್ಯಯನ, 16 ವರ್ಷದೊಳಗಿನವರಲ್ಲಿ ಶೇ. 12.5ರಷ್ಟು ಮಕ್ಕಳಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆಯೆಂದು ತೋರಿಸಿತು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಇದು ಶೇ. 7.3 ಎಂದು ಕಂಡಿತು. ಮಹಾನಗರಗಳಲ್ಲಿ ಹಳ್ಳಿಗಳಿಗಿಂತ ಹೆಚ್ಚು. ಇವು ಎಲ್ಲ ಬಗೆಯ ತೊಂದರೆಗಳೂ ಸೇರಿದ ಅಂಕಿಗಳು. ನಡವಳಿಕೆ ಸಮಸ್ಯೆ ಅವುಗಳಲ್ಲಿ ಒಂದು ಪಾಲು. ಹುಡುಗಿಯರಿಗಿಂತ ಹುಡುಗರಲ್ಲಿ ಇದು ಹೆಚ್ಚು ಕಾಣುತ್ತದೆ. ಹುಡುಗಿಯರ ಸಿಟ್ಟು ಹೊಡೆದಾಟಕ್ಕಿಂತ ಮಾತು ಬಿಡುವುದು, ಗುಂಪುಗಟ್ಟಿ ಒಬ್ಬಳನ್ನು ದೂರವಿಡುವುದು, ಮನೆ ಬಿಡುವುದು, ತನಗೇ ಗಾಯ ಮಾಡಿಕೊಳ್ಳುವುದು ಮುಂತಾದ ರೂಪಗಳಲ್ಲಿ ಹೊರಬೀಳುವುದರಿಂದ ಶಿಕ್ಷಕರ ಕಣ್ಣಿಗೆ ತಡವಾಗಿ ಬೀಳುತ್ತದೆ.

ನಡತೆಯ ಹಿಂದೆ ಏನಿರಬಹುದು

ನಡತೆ ಜ್ವರದಂತೆ, ಅದರಿಂದಲೇ ಯಾವ ರೋಗವೆಂದು ತಿಳಿಯುವುದಿಲ್ಲ. ಒಂದು ಕ್ಷಣ ಕೂರಲಾರದ, ಸರದಿ ಕಾಯಲಾರದ ಮಗುವಿಗೆ ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ (ಎಡಿಎಚ್‌ಡಿ) ಇರಬಹುದು. ದುರ್ನಡತೆಯ ಜೊತೆ ಅತಿ ಹೆಚ್ಚಾಗಿ ಕಾಣುವ ತೊಂದರೆ ಇದೇ. ಓದಲು ಕರೆದ ಕೂಡಲೇ ಪಕ್ಕದವನನ್ನು ತಿವಿದು ತರಗತಿಯಿಂದ ಹೊರಹಾಕಿಸಿಕೊಳ್ಳುವ ಹುಡುಗನಿಗೆ ಅಕ್ಷರ ಕೂಡಿಸಲು ಬಾರದ ಕಲಿಕಾ ತೊಂದರೆ ಇರಬಹುದು. ಪುಂಡನೆನಿಸಿಕೊಳ್ಳುವುದು ದಡ್ಡನೆನಿಸಿಕೊಳ್ಳುವುದಕ್ಕಿಂತ ಮಕ್ಕಳಿಗೆ ಸುಲಭ. ಬುದ್ಧಿಬೆಳವಣಿಗೆ ಕುಂಠಿತವಾಗಿರುವುದು, ಆಟಿಸಂ, ಕಿವಿಮಂದ, ಅಪಸ್ಮಾರ, ಖಿನ್ನತೆ, ಇವುಗಳಲ್ಲಿ ಯಾವುದಾದರೂ ಸಿಟ್ಟಿನ ವೇಷದಲ್ಲಿ ಬರಬಹುದು. ಚೆನ್ನಾಗಿದ್ದ ಮಗು ಇದ್ದಕ್ಕಿದ್ದಂತೆ ಬದಲಾದರೆ ಲೈಂಗಿಕ ದೌರ್ಜನ್ಯ, ಶಾಲೆಯಲ್ಲಿನ ಕಿರುಕುಳ, ಮನೆಯೊಳಗಿನ ಹೊಡೆದಾಟ ಇವುಗಳ ಕಡೆ ಮೊದಲು ನೋಡಬೇಕು.

ಕಾರಣಗಳ ವಿಚಾರದಲ್ಲಿ ಒಂದೇ ಬೇರು ಹುಡುಕುವವರಿಗೆ ನಿರಾಸೆಯಾಗುತ್ತದೆ. ಹುಟ್ಟಿನಿಂದ ಬಂದ ಸ್ವಭಾವ, ಗರ್ಭದಲ್ಲಿದ್ದಾಗಿನ ಅಪೌಷ್ಟಿಕತೆ ಮತ್ತು ತಾಯಿಯ ಖಿನ್ನತೆ, ತಂದೆಯ ಕುಡಿತ, ಬಡತನ, ಒಬ್ಬರು ಹೊಡೆದು ಇನ್ನೊಬ್ಬರು ಮುದ್ದಿಸುವ ಏರುಪೇರಿನ ಶಿಸ್ತು, ಕೆಟ್ಟ ಸಹವಾಸ ಇವೆಲ್ಲ ಒಂದರ ಮೇಲೊಂದು ಕೂಡುತ್ತವೆ. ಸ್ವಭಾವತಃ ಕಿರಿಕಿರಿಯ ಕೂಸು ದಣಿದ ತಾಯಿಯ ಮಡಿಲಿಗೆ ಬಂದಾಗ ಇಬ್ಬರೂ ಒಬ್ಬರನ್ನೊಬ್ಬರು ಇನ್ನಷ್ಟು ದಣಿಸುತ್ತಾರೆ. ಇದರಲ್ಲಿ ಯಾರ ತಪ್ಪು ಎಂದು ಕೇಳುವುದರಿಂದ ಚಿಕಿತ್ಸೆಗೆ ಏನೂ ಸಿಕ್ಕುವುದಿಲ್ಲ.

ಚರಿತ್ರೆ

ತಪ್ಪು ಮಾಡಿದ ಮಗುವನ್ನು ದೊಡ್ಡವರ ಕಟಕಟೆಯಿಂದ ಬೇರ್ಪಡಿಸಿದ ಮೊದಲ ಬಾಲ ನ್ಯಾಯಾಲಯ ಶಿಕಾಗೊದಲ್ಲಿ 1899ರಲ್ಲಿ ಶುರುವಾಯಿತು. ಆ ನ್ಯಾಯಾಲಯಕ್ಕೆ ಬರುವ ಮಕ್ಕಳನ್ನು ಅರಿಯಲು ವಿಲಿಯಂ ಹೀಲಿ 1909ರಲ್ಲಿ ಅಲ್ಲೇ ಒಂದು ಸಂಸ್ಥೆ ತೆರೆದ. ವೈದ್ಯ, ಮನಶ್ಶಾಸ್ತ್ರಜ್ಞ, ಸಮಾಜಕಾರ್ಯಕರ್ತ ಮೂವರೂ ಸೇರಿ ಒಂದು ಮಗುವನ್ನು ನೋಡುವ ಮಕ್ಕಳ ಮಾರ್ಗದರ್ಶನ ಕೇಂದ್ರಗಳು ಆ ಮಾದರಿಯಿಂದ ಹಬ್ಬಿದವು. ವಿಯೆನ್ನಾದ ಆಗಸ್ಟ್ ಐಕ್‌ಹಾರ್ನ್ ದಾರಿ ತಪ್ಪಿದ ಹುಡುಗರ ವಸತಿಗೃಹದಲ್ಲಿ ಶಿಕ್ಷೆಯ ಬದಲು ನಂಬಿಕೆಯನ್ನು ಪ್ರಯೋಗಿಸಿದ. ಲಂಡನ್ನಿನ ಜಾನ್ ಬೌಲ್ಬಿ 1944ರಲ್ಲಿ ಕಳವು ಮಾಡಿದ 44 ಮಕ್ಕಳನ್ನು ಕುರಿತು ಬರೆದು, ಎಳವೆಯಲ್ಲಿ ತಾಯಿಯಿಂದ ದೀರ್ಘಕಾಲ ಅಗಲಿದ್ದಕ್ಕೂ ಕಳವಿಗೂ ನಂಟಿದೆಯೆಂದು ವಾದಿಸಿದ.

ಭಾರತದಲ್ಲಿ ಮೊದಲ ಮಕ್ಕಳ ಮಾರ್ಗದರ್ಶನ ಕೇಂದ್ರ 1937ರಲ್ಲಿ ಮುಂಬಯಿಯ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆಯಲ್ಲಿ ತೆರೆಯಿತು. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆ ಮತ್ತು 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗಳು ಕೂಡಿ 1974ರಲ್ಲಿ ನಿಮ್ಹಾನ್ಸ್ ಆದ ಮೇಲೆ ದಕ್ಷಿಣದಲ್ಲಿ ಈ ಕೆಲಸಕ್ಕೆ ಗಟ್ಟಿ ನೆಲೆ ಸಿಕ್ಕಿತು. ಅಲ್ಲಿ ಮನಶ್ಶಾಸ್ತ್ರಜ್ಞೆಯಾಗಿದ್ದ ಮಾಳವಿಕಾ ಕಪೂರ್ ಶಾಲಾ ಶಿಕ್ಷಕರಿಗೆ ತರಬೇತಿ ಕೊಟ್ಟು ತೊಂದರೆಯ ಮಕ್ಕಳನ್ನು ತರಗತಿಯಲ್ಲೇ ಗುರುತಿಸುವ ಕಾರ್ಯಕ್ರಮ ರೂಪಿಸಿದರು. ಕನ್ನಡ ಓದುಗರಿಗೆ ಮನಸ್ಸಿನ ತೊಂದರೆಗಳ ಬಗ್ಗೆ ತಿಳಿಹೇಳುವ ಕೆಲಸ ಡಾ. ಎಂ. ಶಿವರಾಂ ಅವರಿಂದ ಡಾ. ಸಿ. ಆರ್. ಚಂದ್ರಶೇಖರ್ ಅವರ ವರೆಗೆ ಎಡೆಬಿಡದೆ ನಡೆದು ಬಂದಿದೆ. ಮಕ್ಕಳನ್ನು ವೈದ್ಯರ ಬಳಿ ಕರೆತರಲು ಅಂಜುವ ಮನೆಗಳ ಬಾಗಿಲು ತೆರೆಸಿದ್ದರಲ್ಲಿ ಈ ಬರಹಗಳ ಪಾಲು ಸಣ್ಣದಲ್ಲ.

ಸಮಾಲೋಚನೆ ನಡೆಯುವ ಬಗೆ

ಮೊದಲ ಒಂದೆರಡು ಭೇಟಿಗಳು ತಿಳಿಯುವುದಕ್ಕೆ ಮೀಸಲು. ತಂದೆತಾಯಿಗಳಿಂದ ಬಸುರಿನ ದಿನಗಳಿಂದ ಹಿಡಿದು ನಿನ್ನೆಯ ಜಗಳದ ವರೆಗಿನ ವಿವರ, ಶಾಲೆಯಿಂದ ಶಿಕ್ಷಕರ ಮಾತು, ಆಮೇಲೆ ಮಗು ಒಂದೇ ಇದ್ದಾಗ ಅದರ ಮಾತು, ಹೀಗೆ ಮೂರು ಕಡೆಯ ಚಿತ್ರ ಬೇಕು. ಚಿಕ್ಕ ಮಕ್ಕಳು ಆಟಿಕೆ, ಚಿತ್ರಗಳ ಮೂಲಕ ಹೇಳುತ್ತಾರೆ. ರಾಬರ್ಟ್ ಗುಡ್‌ಮನ್ 1997ರಲ್ಲಿ ರೂಪಿಸಿದ 25 ಹೇಳಿಕೆಗಳ ಪ್ರಶ್ನಾವಳಿಯಂಥ ಸಾಧನಗಳು, ಅದು ಕನ್ನಡದಲ್ಲೂ ಇದೆ, ಮಗುವಿನ ತೊಂದರೆಯನ್ನೂ ಬಲವನ್ನೂ ಒಟ್ಟಿಗೆ ಅಳೆಯುತ್ತವೆ. ಬಲವನ್ನು ಕೇಳುವುದು ಶಿಷ್ಟಾಚಾರಕ್ಕಾಗಿ ಮಾಡುವ ಕೆಲಸವಲ್ಲ. ತಿಂಗಳುಗಳಿಂದ ದೂರನ್ನಷ್ಟೇ ಕೇಳಿದ ಮನೆಗೆ 'ಇವನು ತಂಗಿಯನ್ನು ಚೆನ್ನಾಗಿ ಆಡಿಸುತ್ತಾನೆ' ಎಂಬ ಒಂದು ಸಾಲು ಬರೆಯಬೇಕಾಗಿ ಬಂದಾಗ ನೋಟವೇ ಸ್ವಲ್ಪ ಬದಲಾಗುತ್ತದೆ.

ಆಮೇಲೆ ಒಂದು ನಿರ್ದಿಷ್ಟ ನಡತೆಯನ್ನು ಆರಿಸಿಕೊಂಡು ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು ಎಂದು ವಾರವಿಡೀ ಬರೆದಿಡಲು ಹೇಳುತ್ತಾರೆ. ಈ ಬರಹದಲ್ಲಿ ಸಾಮಾನ್ಯವಾಗಿ ಹೊರಬೀಳುವ ಕತೆಯನ್ನು ಅಮೆರಿಕದ ಆರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಮನೆಮನೆಗೆ ಹೋಗಿ ಕೂತು ನೋಡಿ 1982ರ ತನ್ನ ಪುಸ್ತಕದಲ್ಲಿ ವಿವರಿಸಿದ. ಇಂದಿನ ಮನೆಯಲ್ಲಿ ಅದು ಹೀಗಿರುತ್ತದೆ: ತಾಯಿ ಮೊಬೈಲ್ ಇಡು ಎನ್ನುತ್ತಾಳೆ. ಮಗು ಕೇಳುವುದಿಲ್ಲ. ತಾಯಿ ದನಿ ಏರಿಸುತ್ತಾಳೆ. ಮಗು ಅರಚುತ್ತದೆ, ತಟ್ಟೆ ಎಸೆಯುತ್ತದೆ. ಪಕ್ಕದ ಮನೆಯವರು ಕೇಳಿಯಾರು ಎಂದು ತಾಯಿ ಸುಮ್ಮನಾಗುತ್ತಾಳೆ. ರಂಪ ಆ ಕ್ಷಣವೇ ನಿಲ್ಲುತ್ತದೆ. ಇಬ್ಬರಿಗೂ ಪಾಠವಾಯಿತು. ರಂಪ ಮಾಡಿದರೆ ಬೇಕಾದ್ದು ಸಿಗುತ್ತದೆ ಎಂದು ಮಗು, ಬಿಟ್ಟುಕೊಟ್ಟರೆ ಶಾಂತಿ ಸಿಗುತ್ತದೆ ಎಂದು ತಾಯಿ ಕಲಿತರು. ಇನ್ನೊಂದು ದಿನ ತಂದೆ ಬಂದು ಬಾರಿಸುತ್ತಾನೆ. ಹೆಚ್ಚು ಜೋರು ಮಾಡಿದವನು ಗೆಲ್ಲುತ್ತಾನೆ ಎಂಬ ಮೂರನೆಯ ಪಾಠವೂ ಸೇರುತ್ತದೆ. ಈ ಸುಳಿ ದಿನಕ್ಕೆ ಹತ್ತಾರು ಸಲ ತಿರುಗುತ್ತ ವರ್ಷಗಳಾದಾಗ ಮಗು ಅದನ್ನೇ ಶಾಲೆಯ ಅಂಗಳಕ್ಕೆ ಒಯ್ಯುತ್ತದೆ.

ಈ ಸುಳಿಯನ್ನು ಕತ್ತರಿಸುವ ವಿದ್ಯೆಯೇ ಪಾಲಕರ ತರಬೇತಿ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಅತಿ ಗಟ್ಟಿ ಆಧಾರವಿರುವ ಕ್ರಮ ಇದು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ 2013ರಲ್ಲಿ 3ರಿಂದ 11ರ ವಯಸ್ಸಿಗೆ ಇದನ್ನೇ ಶಿಫಾರಸು ಮಾಡಿತು. ಕೆರೋಲಿನ್ ವೆಬ್‌ಸ್ಟರ್-ಸ್ಟ್ರಾಟನ್, ಶೀಲಾ ಐಬರ್ಗ್, ಮ್ಯಾಟ್ ಸ್ಯಾಂಡರ್ಸ್, ಅಲನ್ ಕ್ಯಾಜ್ಡಿನ್ ಇವರೆಲ್ಲ ಕಟ್ಟಿದ ಪದ್ಧತಿಗಳ ಹೆಸರು ಬೇರೆ, ತಿರುಳು ಒಂದೇ. ಮೊದಲ ವಾರಗಳಲ್ಲಿ ಶಿಸ್ತಿನ ಮಾತೇ ಬರುವುದಿಲ್ಲ. ದಿನಕ್ಕೆ ಹತ್ತು ಹದಿನೈದು ನಿಮಿಷ ಮಗು ಆರಿಸಿದ ಆಟವನ್ನು, ಆಜ್ಞೆ ಪ್ರಶ್ನೆ ತಿದ್ದುಪಡಿ ಯಾವುದೂ ಇಲ್ಲದೆ, ಅದರ ಜೊತೆ ಕೂತು ಆಡಬೇಕು. ಒಳ್ಳೆಯದನ್ನು ಕಂಡ ಕೂಡಲೇ ಅದು ಏನೆಂದು ಹೆಸರಿಸಿ ಹೇಳಬೇಕು: 'ಜಾಣ' ಎನ್ನುವ ಬದಲು 'ಕರೆದ ತಕ್ಷಣ ಊಟಕ್ಕೆ ಬಂದೆಯಲ್ಲ, ಖುಷಿಯಾಯಿತು' ಎನ್ನಬೇಕು. ಎದುರಿಗೆ ಹೊಗಳಿದರೆ ಮಗು ತಲೆಗೇರುತ್ತದೆ, ದೃಷ್ಟಿ ತಾಗುತ್ತದೆ ಎಂದು ನಂಬಿದ ಮನೆಗಳಲ್ಲಿ ಈ ಒಂದು ಹೆಜ್ಜೆಯೇ ಕಷ್ಟ. ಅಜ್ಜಿಯನ್ನೂ ಕೂರಿಸಿಕೊಂಡು ಮಾತಾಡದೆ ಇದು ಸಾಗುವುದಿಲ್ಲ.

ಮಗುವಿನೊಡನೆ ನಂಟು ಕುದುರಿದ ಮೇಲೆ ನಿಯಮಗಳು ಬರುತ್ತವೆ. ನಿಯಮ ಎರಡು ಮೂರಕ್ಕಿಂತ ಹೆಚ್ಚಿರಬಾರದು. ಆಜ್ಞೆ ಚಿಕ್ಕದಾಗಿ, ಹತ್ತಿರ ಹೋಗಿ, ಒಮ್ಮೆ ಹೇಳುವಂಥದಾಗಿರಬೇಕು. ಸಣ್ಣ ಕಿರಿಕಿರಿಗೆ ಗಮನ ಕೊಡದಿರುವುದು, ಪಾಲಿಸಿದ್ದಕ್ಕೆ ನಕ್ಷತ್ರದ ಗುರುತು ಹಾಕಿ ಕೂಡಿಸಿ ಒಂದು ಸಣ್ಣ ಬಹುಮಾನ, ಹೊಡೆತದಂಥ ದೊಡ್ಡ ತಪ್ಪಿಗೆ ಕೆಲವೇ ನಿಮಿಷ ಎಲ್ಲರ ಗಮನದಿಂದ ದೂರ ಕೂರಿಸುವುದು ಅಥವಾ ಒಂದು ಸವಲತ್ತನ್ನು ಆ ದಿನಕ್ಕೆ ಹಿಂತೆಗೆಯುವುದು, ಇಷ್ಟೇ ಆಯುಧಗಳು. ಇವನ್ನು ಸಿಟ್ಟಿಲ್ಲದೆ, ಪ್ರತಿ ಸಲವೂ, ಮನೆಯ ಎಲ್ಲರೂ ಒಂದೇ ರೀತಿ ಬಳಸಬೇಕು. ಬಿಟ್ಟುಕೊಡುವುದನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ರಂಪ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಹಳೆಯ ಕೀಲಿಗೆ ಬಾಗಿಲು ತೆರೆಯದಿದ್ದಾಗ ಮಗು ಇನ್ನೂ ಜೋರಾಗಿ ತಿರುವುತ್ತದೆ. ಬಹಳ ಮನೆಗಳು ಸೋಲುವುದು ಈ ಘಟ್ಟದಲ್ಲಿ. ಇದನ್ನು ಮುಂಚೆಯೇ ಹೇಳಿ, ಆ ವಾರ ಫೋನಿನಲ್ಲಾದರೂ ಜೊತೆಗಿದ್ದು ದಾಟಿಸುವುದು ಸಮಾಲೋಚಕರ ಕೌಶಲದ ನಿಜವಾದ ಪರೀಕ್ಷೆ. ಹನ್ನೆರಡರಿಂದ ಹದಿನಾರು ವಾರ ಸಾಮಾನ್ಯವಾಗಿ ಬೇಕಾಗುವ ಅವಧಿ.

ಮಗುವಿನೊಂದಿಗೆ ನೇರ ಕೆಲಸ ಎಂಟೊಂಬತ್ತು ವರ್ಷದ ನಂತರ ಹೆಚ್ಚು ಫಲಿಸುತ್ತದೆ. ಸದಾ ಹೊಡೆದಾಡುವ ಮಕ್ಕಳು ಇತರರ ಮುಖಭಾವವನ್ನು ತಪ್ಪಾಗಿ ಓದುತ್ತಾರೆ; ಯಾರೋ ಆಕಸ್ಮಿಕವಾಗಿ ತಾಗಿದರೂ ಬೇಕೆಂದೇ ತಳ್ಳಿದನೆಂದು ಭಾವಿಸುತ್ತಾರೆ. ಅಂಥವರಿಗೆ ಮೈಯಲ್ಲಿ ಸಿಟ್ಟು ಏರುವ ಗುರುತುಗಳನ್ನು (ಬಿಗಿಯುವ ಮುಷ್ಟಿ, ಬಿಸಿಯಾಗುವ ಕಿವಿ) ಹಿಡಿಯುವುದು, ನಿಂತು ಉಸಿರೆಳೆಯುವುದು, 'ಬೇರೆ ಏನು ಕಾರಣವಿರಬಹುದು' ಎಂದು ಕೇಳಿಕೊಳ್ಳುವುದು, ಎರಡು ಮೂರು ದಾರಿ ಯೋಚಿಸಿ ಒಂದನ್ನು ಆರಿಸುವುದು, ಇವನ್ನು ಅಭಿನಯಿಸಿ ಕಲಿಸುತ್ತಾರೆ. ದೌರ್ಜನ್ಯ ಕಂಡ ಮಗುವಿಗೆ ಇದು ಸಾಲದು. ನೋವಿನ ಮಾತಿಗೆ ಜಾಗ ಸಿಗುವ ತನಕ ಅದರ ಮುಷ್ಟಿ ಸಡಿಲವಾಗುವುದಿಲ್ಲ.

ಹರೆಯದ ತೀವ್ರ ಸಮಸ್ಯೆಗೆ, ವಿಶೇಷವಾಗಿ ಪೊಲೀಸು ಕೋರ್ಟು ಕಂಡ ಹುಡುಗರಿಗೆ, ವಾರಕ್ಕೊಮ್ಮೆಯ ಕೋಣೆಯ ಮಾತು ಎಟುಕುವುದಿಲ್ಲ. ಸ್ಕಾಟ್ ಹೆಂಗ್ಲರ್ ರೂಪಿಸಿದ ಬಹುವ್ಯವಸ್ಥಾ ಚಿಕಿತ್ಸೆಯಲ್ಲಿ ಒಬ್ಬ ಚಿಕಿತ್ಸಕ ನಾಲ್ಕರಿಂದ ಆರು ಕುಟುಂಬಗಳನ್ನಷ್ಟೇ ಹಿಡಿದು, ಮೂರರಿಂದ ಐದು ತಿಂಗಳು, ಅವರ ಮನೆಗೇ ಹೋಗಿ, ಹಗಲೂ ರಾತ್ರಿ ಕರೆಗೆ ಸಿಗುತ್ತಾನೆ. ತಂದೆತಾಯಿ, ಶಾಲೆ, ಗೆಳೆಯರ ಬಳಗ, ಬೀದಿ ಎಲ್ಲವನ್ನೂ ಒಟ್ಟಿಗೆ ಮುಟ್ಟುತ್ತಾನೆ. ಭಾರತದಲ್ಲಿ ಇಷ್ಟು ದಟ್ಟವಾದ ಸೇವೆ ವಿರಳ. ಇಲ್ಲಿ ಇದಕ್ಕೆ ಹತ್ತಿರದ ಸಂಗತಿ ಎಂದರೆ ಕುಟುಂಬವನ್ನೇ ಆಸ್ಪತ್ರೆಯೊಳಗೆ ಬಿಟ್ಟುಕೊಳ್ಳುವ ರೂಢಿ. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆವರಣದ ಡೇರೆಗಳಲ್ಲಿ ಇರಿಸಿಕೊಂಡು ಆರಂಭಿಸಿದ ಈ ಪದ್ಧತಿ ನಿಮ್ಹಾನ್ಸ್‌ನಲ್ಲಿ ಬೇರೂರಿತು. ಅಲ್ಲಿ ಒಳರೋಗಿಯಾದ ಮಗುವಿನ ಜೊತೆ ಪಾಲಕರೂ ಉಳಿಯುತ್ತಾರೆ. ಹೊಸ ರೀತಿಯನ್ನು ವಾರ್ಡಿನಲ್ಲೇ ಕಲಿತು ಮನೆಗೆ ಒಯ್ಯುತ್ತಾರೆ.

ಔಷಧಿಯ ಸ್ಥಾನ ಚಿಕ್ಕದು, ಆದರೆ ಇಲ್ಲವೆನ್ನುವಂತಿಲ್ಲ. ಜೊತೆಗೆ ಎಡಿಎಚ್‌ಡಿ ಇದ್ದರೆ ಮೀಥೈಲ್‌ಫೆನಿಡೇಟ್ ಮುಂತಾದವು ಸಮಾಲೋಚನೆಗೆ ದಾರಿ ಮಾಡಿಕೊಡುತ್ತವೆ. ಯಾವುದಕ್ಕೂ ಜಗ್ಗದ ಉಗ್ರ ಆಕ್ರಮಣಶೀಲತೆಗೆ ಮನೋವೈದ್ಯರು ರಿಸ್ಪೆರಿಡೋನ್ ಅನ್ನು ಅಲ್ಪಕಾಲಕ್ಕೆ, ತೂಕ ಮತ್ತು ರಕ್ತದ ಸಕ್ಕರೆಯ ಮೇಲೆ ಕಣ್ಣಿಟ್ಟು ಕೊಡುವುದುಂಟು.

ಫಲಿಸದ ಮತ್ತು ಹಾನಿ ಮಾಡುವ ಕ್ರಮಗಳು

ಒಳ್ಳೆಯ ಮನಸ್ಸಿನಿಂದ ಮಾಡಿದ್ದೆಲ್ಲ ಒಳ್ಳೆಯದಾಗುವುದಿಲ್ಲ ಎಂಬುದಕ್ಕೆ ಈ ಕ್ಷೇತ್ರದಲ್ಲಿ ಎದೆ ಮುಟ್ಟುವ ಸಾಕ್ಷ್ಯವಿದೆ. ಅಮೆರಿಕದ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಊರುಗಳಲ್ಲಿ 1939ರಲ್ಲಿ 506 ಹುಡುಗರನ್ನು ಎರಡು ಸಮನಾದ ಗುಂಪು ಮಾಡಿ, ಒಂದು ಗುಂಪಿಗೆ ಸುಮಾರು ಐದು ವರ್ಷ ಸಮಾಲೋಚಕರ ಭೇಟಿ, ಪಾಠ, ಬೇಸಗೆ ಶಿಬಿರ ಎಲ್ಲ ಒದಗಿಸಿದರು. ಮೂವತ್ತು ವರ್ಷದ ಮೇಲೆ ಸಂಶೋಧಕಿ ಜೋನ್ ಮೆಕಾರ್ಡ್ ಆ ಹುಡುಗರನ್ನು ಹುಡುಕಿ ವಿಚಾರಿಸಿದಾಗ, ನೆರವು ಪಡೆದವರಲ್ಲಿ ಹಲವರು ನೆರವನ್ನು ಪ್ರೀತಿಯಿಂದ ನೆನೆದರು. ಆದರೆ ಮರುಅಪರಾಧ, ಮಾನಸಿಕ ಕಾಯಿಲೆ, ಅಕಾಲ ಮರಣಗಳ ಲೆಕ್ಕದಲ್ಲಿ ನೆರವು ಪಡೆಯದ ಗುಂಪಿಗಿಂತ ಅವರ ಸ್ಥಿತಿ ಕೆಟ್ಟದಾಗಿತ್ತು. ಈ ಫಲಿತಾಂಶ 1978ರಲ್ಲಿ ಪ್ರಕಟವಾಯಿತು. ಪುಂಡ ಹುಡುಗರನ್ನು ಶಿಬಿರದಲ್ಲಿ ಒಟ್ಟುಗೂಡಿಸಿದಾಗ ಅವರು ಪರಸ್ಪರರ ಪುಂಡಾಟಕ್ಕೆ ನಕ್ಕು ಮೆಚ್ಚಿ ಹುರಿದುಂಬಿಸುತ್ತಾರೆಂದು ಥಾಮಸ್ ಡಿಶಿಯನ್ ಮತ್ತು ಮೆಕಾರ್ಡ್ 1999ರಲ್ಲಿ ವಿವರಿಸಿದರು. ತೊಂದರೆಯ ಹುಡುಗರನ್ನಷ್ಟೇ ಸೇರಿಸಿ ನಡೆಸುವ ಗುಂಪು ಸಮಾಲೋಚನೆಯನ್ನು ಎಚ್ಚರದಿಂದ, ಒಳ್ಳೆಯ ಒಡನಾಡಿಗಳನ್ನೂ ಬೆರೆಸಿ ನಡೆಸಬೇಕೆಂಬ ನಿಲುವು ಇದರಿಂದ ಬಂತು.

ಹುಡುಗರನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಬೆದರಿಸುವ, ನ್ಯೂಜೆರ್ಸಿಯ ರಾವೇ ಜೈಲಿನಿಂದ ಪ್ರಸಿದ್ಧವಾದ ಕಾರ್ಯಕ್ರಮವನ್ನು 1978ರ ಸಾಕ್ಷ್ಯಚಿತ್ರ ಜಗತ್ತಿಗೆಲ್ಲ ಹರಡಿತು. ಅನಂತರದ ನಿಯಂತ್ರಿತ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಏನೂ ಮಾಡದೆ ಬಿಟ್ಟವರಿಗಿಂತ ಬೆದರಿಸಿದ ಹುಡುಗರೇ ಹೆಚ್ಚು ಅಪರಾಧಕ್ಕಿಳಿದಿದ್ದರು. ನಮ್ಮಲ್ಲಿ 'ಒಮ್ಮೆ ಪೊಲೀಸ್ ಠಾಣೆ ತೋರಿಸಿ ಬನ್ನಿ' ಎಂಬ ಸಲಹೆಯೂ, 'ಹಾಸ್ಟೆಲಿಗೆ ಹಾಕಿ' ಎಂಬ ಸಲಹೆಯೂ ಇದೇ ಜಾತಿಯವು. ಹೊಡೆತದ ಬಗೆಗಂತೂ ಸಂಶಯ ಉಳಿದಿಲ್ಲ. ಅದು ಕೆಟ್ಟ ನಡತೆಯನ್ನು ಆ ಕ್ಷಣಕ್ಕೆ ನಿಲ್ಲಿಸುತ್ತದೆ, ಮುಂದಿನ ವರ್ಷಗಳಿಗೆ ಬೆಳೆಸುತ್ತದೆ.

ಕಾನೂನು ಮತ್ತು ವ್ಯವಸ್ಥೆ

2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಪ್ರಾಥಮಿಕ ಶಿಕ್ಷಣ ಮುಗಿಯುವ ಮುನ್ನ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಟಿ.ಸಿ. ಕೊಟ್ಟು ಕಳಿಸುವುದು ಬಹಳ ಶಾಲೆಗಳಿಗೆ ಇಂದಿಗೂ ಸುಲಭದ ದಾರಿಯಾಗಿರುವಾಗ ಈ ಕಲಮು ಪಾಲಕರಿಗೆ ಗೊತ್ತಿರಬೇಕು. 2016ರ ಜನವರಿ 15ರಿಂದ ಜಾರಿಯಲ್ಲಿರುವ 2015ರ ಬಾಲ ನ್ಯಾಯ ಕಾಯ್ದೆಯ 18ನೆಯ ಕಲಮಿನಂತೆ ಬಾಲ ನ್ಯಾಯ ಮಂಡಳಿ ತಪ್ಪು ಮಾಡಿದ ಮಗುವಿಗೂ ಅದರ ತಂದೆತಾಯಿಗೂ ಸಮಾಲೋಚನೆ ಕೊಡಿಸಿ ಮನೆಗೆ ಕಳಿಸಬಹುದು, ಗುಂಪು ಸಮಾಲೋಚನೆಗೆ ಹಾಜರಾಗಲು ಆದೇಶಿಸಬಹುದು. ಪಾಲಕರನ್ನೂ ಕಾನೂನು ಹೆಸರಿಸಿ ಒಳಗೊಂಡದ್ದು ವಿವೇಕದ ಕೆಲಸ. ವೀಕ್ಷಣಾಲಯ, ಬಾಲಮಂದಿರಗಳ ಮಕ್ಕಳ ಮನಸ್ಸಿನ ಆರೈಕೆಗೆ ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗದಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ನೆರವಿನ 'ಸಂವಾದ' ಎಂಬ ಕಾರ್ಯಕ್ರಮ ದೇಶದಾದ್ಯಂತ ತರಬೇತಿ ಕೊಡುತ್ತಿದೆ.

ಗೋಪ್ಯತೆಗೆ ಮಿತಿಯಿದೆ. ಮಗು ಹೇಳಿದ್ದು ಕೋಣೆಯಲ್ಲೇ ಉಳಿಯುತ್ತದೆ, ಆದರೆ ಪ್ರಾಣಾಪಾಯವಿದ್ದರೆ ಪಾಲಕರಿಗೆ ತಿಳಿಸಬೇಕಾಗುತ್ತದೆ. ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ. ಇದನ್ನು ಮೊದಲ ಭೇಟಿಯಲ್ಲೇ ಮಗುವಿಗೆ ಅರ್ಥವಾಗುವಂತೆ ಹೇಳದೆ, ಆಮೇಲೆ ಹೊರಗೆಡಹಿದರೆ ನಂಬಿಕೆ ಮುರಿಯುತ್ತದೆ.

ತರಬೇತಿ ಪಡೆದವರ ಕೊರತೆ ದೊಡ್ಡದು. ಕ್ಲಿನಿಕಲ್ ಮನಶ್ಶಾಸ್ತ್ರಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಶಾಲಾ ಸಮಾಲೋಚಕರಿಗೆ ಎನ್‌ಸಿಇಆರ್‌ಟಿ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಸೇರಿದಂತೆ ಕೆಲವು ಕಡೆ ಡಿಪ್ಲೊಮಾ ನಡೆಸುತ್ತದೆ. ಈ ಕ್ಷೇತ್ರದ ಪದವಿಯಿಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು ಕೆಲಸ ನಡೆಸಬಹುದೇ ಎಂಬುದಕ್ಕೆ ಎರಡು ಭಾರತೀಯ ಪ್ರಯೋಗಗಳು ಉತ್ತರ ಕೊಟ್ಟಿವೆ. ಬಿಹಾರದ ನಾಲಂದಾ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ 'ಸೆಹರ್' ಪ್ರಯೋಗದಲ್ಲಿ, ತರಬೇತಿ ಪಡೆದ ಸಾಮಾನ್ಯ ಸಮಾಲೋಚಕರಿದ್ದ ಶಾಲೆಗಳಲ್ಲಿ ಶಾಲೆಯ ವಾತಾವರಣ ಸುಧಾರಿಸಿ ಕಿರುಕುಳ ಮತ್ತು ಹಿಂಸೆ ತಗ್ಗಿತು. ಅದೇ ಕೆಲಸವನ್ನು ಶಿಕ್ಷಕರಿಗೆ ವಹಿಸಿದ ಶಾಲೆಗಳಲ್ಲಿ ಬದಲಾವಣೆ ಕಾಣಲಿಲ್ಲ. ಪಾಠ, ಪರೀಕ್ಷೆಗಳ ನಡುವೆ ಶಿಕ್ಷಕರ ಹೆಗಲಿಗೆ ಇನ್ನೊಂದು ಹೊರೆ ಹೊರಿಸುವ ಸರ್ಕಾರಗಳು ಈ ಫಲಿತಾಂಶವನ್ನು ಓದಬೇಕು. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಕೆಲವೇ ವಾರಗಳ ಸಮಸ್ಯಾ ಪರಿಹಾರ ಸಮಾಲೋಚನೆ ವಿದ್ಯಾರ್ಥಿಗಳು ತಾವೇ ಹೆಸರಿಸಿದ ಸಮಸ್ಯೆಗಳನ್ನು ತಗ್ಗಿಸಿತು. ಮಾನಸಿಕ ಲಕ್ಷಣಗಳ ಮೇಲೆ ಅಷ್ಟು ಪರಿಣಾಮ ಬೀರಲಿಲ್ಲ. ಚಿಕ್ಕ ಸೇವೆಗೆ ಚಿಕ್ಕ ಫಲ. ತೀವ್ರ ಸಮಸ್ಯೆಗೆ ಹೆಚ್ಚು ದಿನಗಳ ಕೆಲಸವೇ ಬೇಕು.

ಗ್ರೇಟರ್ ನೋಯ್ಡಾದಲ್ಲಿ

ಕರ್ನಾಟಕದ ಹೊರಗೆ ನೆಲೆಸಿದ ಕನ್ನಡದ ಮನೆಗಳಿಗೆ ಈ ನೆರವು ಹೇಗೆ ಎಟುಕುತ್ತದೆ ಎಂಬುದನ್ನು ಒಂದು ಊರಿನ ಉದಾಹರಣೆಯಲ್ಲಿ ನೋಡಬಹುದು. ಉತ್ತರ ಪ್ರದೇಶದ ಗೌತಮ ಬುದ್ಧ ನಗರ ಜಿಲ್ಲೆಗೆ ಸೇರಿದ ಗ್ರೇಟರ್ ನೋಯ್ಡಾ, 1991ರಲ್ಲಿ ಪ್ರಾಧಿಕಾರ ಸ್ಥಾಪನೆಯಾಗಿ ಬೆಳೆದ ಹೊಸ ನಗರ. ಜಮೀನು ಕೊಟ್ಟ ಹಳ್ಳಿಗಳ ಮಕ್ಕಳು, ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು, ಐಟಿ ಮತ್ತು ಕಾರ್ಖಾನೆ ನೌಕರಿಗೆ ದೇಶದ ಎಲ್ಲೆಡೆಯಿಂದ ಬಂದು ಗಗನಚುಂಬಿ 'ಸೊಸೈಟಿ'ಗಳಲ್ಲಿ ನೆಲೆಸಿದವರ ಮಕ್ಕಳು ಒಂದೇ ಊರಿನಲ್ಲಿ ಬೆಳೆಯುತ್ತಾರೆ. ಇವರಲ್ಲಿ ಕನ್ನಡದ ಮನೆಗಳೂ ಇವೆ. ಅಜ್ಜ ಅಜ್ಜಿ ಊರಲ್ಲಿ, ತಂದೆತಾಯಿ ಇಬ್ಬರೂ ಕೆಲಸದಲ್ಲಿ, ಆಡಲು ಪಾರ್ಕಿಂಗ್ ಜಾಗ. ಲಿಫ್ಟಿನಲ್ಲಿ ನಡೆದ ಒಂದು ಹೊಡೆದಾಟ ಸಂಜೆಯೊಳಗೆ ನೂರಾರು ಮನೆಗಳ ವಾಟ್ಸ್ಆ್ಯಪ್ ಗುಂಪಿಗೆ ಹರಡಿ, ಮಗು ಆ ಕಟ್ಟಡದಲ್ಲಿ ಇರುವಷ್ಟು ವರ್ಷವೂ 'ಆ ಹುಡುಗ'ನಾಗಿ ಉಳಿಯುವುದು ಇಂಥ ವಸತಿಗಳ ವಿಶೇಷ ಕಷ್ಟ. ಹಣೆಪಟ್ಟಿ ಅಂಟಿದ ಮಗುವಿಗೆ ಒಳ್ಳೆಯ ಗೆಳೆಯರು ತಪ್ಪುತ್ತಾರೆ. ಉಳಿಯುವುದು ಅದೇ ಪಟ್ಟಿಯ ಇನ್ನಿಬ್ಬರು.

ಇಲ್ಲಿನವರಿಗೆ ಕಾಸ್ನಾದ ಸರ್ಕಾರಿ ವೈದ್ಯಕೀಯ ಸಂಸ್ಥೆ, ನೋಯ್ಡಾ ಸೆಕ್ಟರ್ 30ರ ಮಕ್ಕಳ ಆರೋಗ್ಯದ ಸ್ನಾತಕೋತ್ತರ ಸಂಸ್ಥೆ (ಚೈಲ್ಡ್ ಪಿಜಿಐ), ದೆಹಲಿಯ ದಿಲ್ಶಾದ್ ಗಾರ್ಡನ್ನಿನ ಮಾನವ ವರ್ತನೆ ಸಂಸ್ಥೆ (ಇಹಬಾಸ್), ಏಮ್ಸ್ ಇವು ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆಗಳು. ಹದಿಹರೆಯದವರ ಸರ್ಕಾರಿ ಸಲಹಾ ಕೇಂದ್ರಗಳು ಉತ್ತರ ಪ್ರದೇಶದಲ್ಲಿ 'ಸಾಥಿಯಾ ಕೇಂದ್ರ', ಕರ್ನಾಟಕದಲ್ಲಿ 'ಸ್ನೇಹ ಕ್ಲಿನಿಕ್' ಎಂಬ ಹೆಸರಿನಲ್ಲಿವೆ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಕೈಗಳು ಅವು. ಅಪಾಯದಲ್ಲಿರುವ ಮಗುವಿಗೆ 1098 ಸಹಾಯವಾಣಿ ಎಲ್ಲೆಡೆ ಸಿಗುತ್ತದೆ.

ಭಾಷೆ ಇಲ್ಲಿನ ಕನ್ನಡದ ಮನೆಗಳಿಗೆ ಒಂದು ನಿಜವಾದ ತೊಡಕು. ಶಾಲೆಯಲ್ಲಿ ಹಿಂದಿ ಇಂಗ್ಲಿಷ್ ಆಡುವ ಹುಡುಗ ಸಮಾಲೋಚಕರೊಡನೆ ಅದರಲ್ಲೇ ಮಾತಾಡಬಲ್ಲ. ಆದರೆ ಮನೆಯೊಳಗಿನ ಬೈಗುಳ, ಮುದ್ದು, ಬೆದರಿಕೆ, ರಮಿಸುವಿಕೆ ಎಲ್ಲ ನಡೆಯುವುದು ಕನ್ನಡದಲ್ಲಿ. ತಾಯಿ ತನ್ನ ದಣಿವನ್ನು ಹಿಂದಿಯಲ್ಲಿ ಹೇಳುವಾಗ ಅರ್ಧ ಒಳಗೇ ಉಳಿಯುತ್ತದೆ. ಪಾಲಕರ ತರಬೇತಿ ನಿಂತಿರುವುದೇ ದಿನದಿನದ ಮಾತಿನ ಧಾಟಿಯ ಮೇಲೆ. ಆದ್ದರಿಂದ ಅದರ ಅಭ್ಯಾಸ ಮನೆಮಾತಿನಲ್ಲಿ ಆಗಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ, ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಟೆಲಿ-ಮಾನಸ್ ಸಹಾಯವಾಣಿಯಲ್ಲಿ (14416) ಕನ್ನಡವೂ ಒಂದು ಭಾಷೆ. ಅದು ವಾರವಾರದ ಚಿಕಿತ್ಸೆಗೆ ಬದಲಿಯಲ್ಲ. ಎಲ್ಲಿಂದ ಶುರುಮಾಡುವುದು ಎಂದು ತೋಚದ ರಾತ್ರಿಗೆ ಆಗಿಬರುತ್ತದೆ. ನೌಕರಿಯ ವರ್ಗಾವಣೆಯಾದಾಗ ಮಗುವಿನ ಶಾಲೆಯ ಕಾಗದಪತ್ರಗಳು ಜೊತೆಗೆ ಹೋಗುತ್ತವೆ, ಸಮಾಲೋಚನೆಯ ಕಡತ ಹಿಂದೆ ಉಳಿಯುತ್ತದೆ. ಊರು ಬಿಡುವ ಮುನ್ನ ಯಾವ ಕ್ರಮ ನಡೆಯುತ್ತಿತ್ತು, ಯಾವುದಕ್ಕೆ ಮಗು ಒಲಿಯಿತು, ಯಾವುದು ಕೆಲಸ ಮಾಡಲಿಲ್ಲ ಎಂದು ಒಂದು ಪುಟ ಬರೆಸಿಕೊಂಡು ಹೋದ ಕುಟುಂಬದ ಮಗು ಮುಂದಿನ ಊರಿನಲ್ಲಿ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಗುವುದಿಲ್ಲ.